ಪ್ರತಿಕ್ರಿಯೆ: ನಿವೃತ್ತ ತಂದೆಗೆ ಮುಂಬೈಯಲ್ಲಿ ಯಾವ ಕ್ಲಬ್?

ಧಾರವಾಡದಿಂದ ಮುಲುಂಡಿಗೆ ಬಂದ ನಿಮ್ಮ ತಂದೆಗೆ ಹೊತ್ತು ಹೋಗುತ್ತಿಲ್ಲ, ಜಿಮ್‌ಖಾನಾ ಸದಸ್ಯತ್ವ ಕೊಡಿಸಲೇ ಎಂದು ಕೇಳಿದ್ದೀರಿ. ಬೇಡ ಅಂತೀನಿ. 1875ರ ಬಾಂಬೆ ಜಿಮ್‌ಖಾನಾದಂಥ ಕಡೆ ಪ್ರವೇಶಶುಲ್ಕವೂ ಭಾರಿ, ಕಾಯುವ ಪಟ್ಟಿಯೂ ಉದ್ದ. ಟೆನಿಸ್ ಆಡದವರಿಗೆ ಅಲ್ಲಿ ಉಳಿಯೋದು ಕ್ಯಾಂಟೀನ್ ಮಾತ್ರ!

ಅವರಿಗೆ ಬೇಕಿರೋದು ಕನ್ನಡದಲ್ಲಿ ಹರಟೋಕೆ ನಾಲ್ಕು ಜನ ಅನಿಸುತ್ತೆ. ಹಾಗಾದರೆ ಮೊದಲು ಮಾಟುಂಗಾ ಪೂರ್ವದ ಮೈಸೂರು ಅಸೋಸಿಯೇಷನ್‌ಗೆ ಕರಕೊಂಡು ಹೋಗಿ. 1926ರಿಂದ ನಡೀತಿರೋ ಸಂಸ್ಥೆ. ನಾಟಕ, ಉಪನ್ಯಾಸ, ಸಂಗೀತ ಎಲ್ಲ ಇದೆ. ಮುಲುಂಡಿನಿಂದ ಸ್ಲೋ ಲೋಕಲ್ ಹಿಡಿದರೆ ನೇರ ಮಾಟುಂಗಾ. ಬೆಳಗಿನ ಆಫೀಸ್ ಗದ್ದಲ ಮುಗಿದ ಮೇಲೆ ಹೊರಡಲಿ. ಮಾಹಿಮ್ ಕಡೆ ಕರ್ನಾಟಕ ಸಂಘವೂ ಇದೆ, ಆದರೆ ದಾದರಿನಲ್ಲಿ ಲೈನ್ ಬದಲಿಸುವ ತಾಪತ್ರಯ. ಯಕ್ಷಗಾನದ ರುಚಿ ಇದ್ದರೆ ಕುರ್ಲಾದ ಬಂಟರ ಭವನದ ಕಾರ್ಯಕ್ರಮಗಳ ಮೇಲೂ ಕಣ್ಣಿಡಿ.

ದಿನನಿತ್ಯಕ್ಕೆ ನಗೆ ಕ್ಲಬ್. 1995ರಲ್ಲಿ ಡಾ. ಮದನ್ ಕಟಾರಿಯಾ ಇದನ್ನು ಶುರು ಮಾಡಿದ್ದೇ ಮುಂಬೈಯ ಪಾರ್ಕೊಂದರಲ್ಲಿ. ಸುಮ್ಮಸುಮ್ಮನೆ ಹೋ ಹೋ ಅನ್ನೋದು ನನಗಂತೂ ಒಗ್ಗಲ್ಲ, ಆದರೆ ಆಮೇಲಿನ ಚಹಾಕ್ಕಾಗಿಯೇ ಬರುವವರೂ ಉಂಟು.

ಹಕ್ಕಿಗಳ ಹುಚ್ಚಿದ್ದರೆ 1883ರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನೋಡಿ. ಎಲ್ಲೇ ಆಗಲಿ, ಒಂದೆರಡು ಸಲ ಅತಿಥಿಯಾಗಿ ಹೋಗಿಬಂದ ಮೇಲೇ ಆಜೀವ ಸದಸ್ಯತ್ವದ ಹಣ ಕಟ್ಟಿ.