ದಡಾರ ಮರಳದು, ಶೀತ ಮರಳುವುದೇಕೆ?

ಬಾಲ್ಯದಲ್ಲಿ ದಡಾರ ಬಂದ ತಮಗೆ ಅದು ಮತ್ತೆ ಬಂದಿಲ್ಲ, ಶೀತ ಮಾತ್ರ ವರ್ಷಕ್ಕೆ ಮೂರು ಸಲ ಬರುತ್ತದೆ, ಹಾಗಾದರೆ ದೇಹಕ್ಕೆ ನೆನಪಿರುವುದು ನಿಜವೇ ಎಂದು ಕೇಳಿದ್ದೀರಿ. ಖಂಡಿತ ನಿಜ. 1781ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಿಗೆ ಬಂದು ಹೋಗಿದ್ದ ದಡಾರ 1846ರಲ್ಲಿ ಮರಳಿದಾಗ ಸುಮಾರು 7,800 ಜನರಲ್ಲಿ 6,000 ಮಂದಿ ಹಾಸಿಗೆ ಹಿಡಿದರು. ಆದರೆ 65 ವರ್ಷಗಳ ಹಿಂದೆ ಅದನ್ನು ಅನುಭವಿಸಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ತಗಲಲಿಲ್ಲವೆಂದು ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್ ದಾಖಲಿಸಿದರು.

ರೋಗಾಣು ಹೊಕ್ಕಾಗ, ಅದಕ್ಕೆ ಸರಿಯಾಗಿ ಹೊಂದುವ ಕೆಲವೇ ಬಿ ಜೀವಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಟಿ ಜೀವಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ನೆರವಿನಿಂದ ದುಗ್ಧರಸ ಗ್ರಂಥಿಗಳಲ್ಲಿ ಸಾವಿರಾರಾಗಿ ಹೆಚ್ಚುತ್ತವೆ. ಗಂಟಲು ನೋವಿದ್ದಾಗ ದವಡೆಯ ಕೆಳಗೆ ಬೆರಳಿಗೆ ಸಿಗುವ ಗಂಟು ಇದರದ್ದೇ ಗುರುತು. ರೋಗ ವಾಸಿಯಾದ ಮೇಲೆ ಈ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ; ಉಳಿದವುಗಳಲ್ಲಿ ಕೆಲವು ಅಸ್ಥಿಮಜ್ಜೆಯಲ್ಲಿ ನೆಲೆಸಿ ದಶಕಗಳ ಕಾಲ ಪ್ರತಿಕಾಯಗಳನ್ನು, ಅಂದರೆ ಆ ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನುಗಳನ್ನು, ಸ್ರವಿಸುತ್ತವೆ, ಇನ್ನು ಕೆಲವು ಅದೇ ರೋಗಾಣು ಮರಳಿದರೆ ಬೇಗ ಎದುರಿಸಲು ನೆನಪಿನ ಕೋಶಗಳಾಗಿ ಕಾದಿರುತ್ತವೆ.

ಶೀತ ತರುವ ರೈನೋವೈರಸ್‌ಗಳಲ್ಲಾದರೋ ನೂರಕ್ಕೂ ಹೆಚ್ಚು ಬಗೆಗಳಿವೆ; ಒಂದರ ನೆನಪು ಇನ್ನೊಂದಕ್ಕೆ ಅಷ್ಟಾಗಿ ಒದಗದು. ನಿಮಗೆ ಪ್ರತಿ ಸಲ ಬರುವುದು ಬಹುಮಟ್ಟಿಗೆ ಹೊಸ ಶೀತವೇ.

ಮಕ್ಕಳಿಗೆ ದಡಾರ ಬಂದೇ ಹೋಗಲಿ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ: ಆ ವೈರಸ್ ನೆನಪಿನ ಕೋಶಗಳನ್ನೇ ಹೊಕ್ಕು ಕೊಲ್ಲುವುದರಿಂದ, ಬೇರೆ ರೋಗಗಳ ವಿರುದ್ಧ ಗಳಿಸಿದ್ದ ರಕ್ಷಣೆಯಲ್ಲೂ ಒಂದು ಪಾಲು ಅಳಿಸಿಹೋಗುತ್ತದೆ. ಲಸಿಕೆಯಿಂದ ಹಾಗಾಗುವುದಿಲ್ಲ.