ಬಿ.ಇ. ಮೊದಲ ವರ್ಷದಲ್ಲಿ ಯಾವ ಕ್ಲಬ್ ಸೇರಬೇಕು, ಎಷ್ಟು ಸೇರಬೇಕು?

ಕನ್ನಡ ಮಾಧ್ಯಮದಲ್ಲಿ ಓದಿ ಈಗ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದೀರಿ. ಸೀನಿಯರ್‌ಗಳು ದಿನಕ್ಕೊಂದು ಕ್ಲಬ್ಬಿನ ಗೂಗಲ್ ಫಾರ್ಮ್ ಕಳಿಸುತ್ತಿದ್ದಾರೆ. ಯಾವುದಕ್ಕೆ ಸೇರಲಿ, ಓದಿಗೆ ಪೆಟ್ಟು ಬೀಳುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಉತ್ತರ ಇಷ್ಟು: ಮೊದಲ ಸೆಮಿಸ್ಟರ್‌ಗೆ ಒಂದೇ ಕ್ಲಬ್ ಸಾಕು. ಅದನ್ನು ಆರಿಸುವಾಗ ಅದರ ಹೆಸರು, ಇನ್‌ಸ್ಟಾಗ್ರಾಂ ಪುಟ ನೋಡಬೇಡಿ. ಅಲ್ಲಿ ಮೊದಲ ವರ್ಷದವರ ಕೈಗೆ ಯಾವ ಕೆಲಸ ಬರುತ್ತದೆ ಎಂಬುದನ್ನು ನೋಡಿ.

ಇದನ್ನು ತಿಳಿಯಲು ಕ್ಲಬ್ಬಿನ ಅಧ್ಯಕ್ಷರನ್ನು ಕೇಳಿ ಪ್ರಯೋಜನವಿಲ್ಲ, ಅವರು ಒಳ್ಳೆಯದನ್ನೇ ಹೇಳುತ್ತಾರೆ. ಎರಡನೇ ವರ್ಷದ ಒಬ್ಬ ಸದಸ್ಯರನ್ನು ಹಿಡಿದು ಕೇಳಿ: ಹೋದ ವರ್ಷ ನಿಮ್ಮ ಜೊತೆ ಸೇರಿದವರಲ್ಲಿ ಈಗ ಎಷ್ಟು ಜನ ಉಳಿದಿದ್ದೀರಿ? ಮೀಟಿಂಗ್ ಯಾವ ದಿನ, ಎಷ್ಟು ಗಂಟೆಗೆ ಮುಗಿಯುತ್ತದೆ? ಕಳೆದ ತಿಂಗಳು ನೀವೇ ಕೂತು ಮಾಡಿದ ಕೆಲಸ ಯಾವುದು? ಈ ಕೊನೆಯ ಪ್ರಶ್ನೆಗೆ ‘ಫೆಸ್ಟ್‌ಗೆ ವಾಲಂಟಿಯರ್ ಆಗಿದ್ದೆ, ಸ್ಪಾನ್ಸರ್ ಹುಡುಕಿದೆ’ ಎಂಬುದಷ್ಟೇ ಉತ್ತರವಾದರೆ, ಆ ಕ್ಲಬ್ಬಿನ ಬೋರ್ಡಿನ ಮೇಲೆ ರೋಬೋಟಿಕ್ಸ್ ಎಂದಿದ್ದರೂ ನೀವು ಕಲಿಯುವುದು ಕುರ್ಚಿ ಜೋಡಿಸುವುದನ್ನೇ. ಹಾಸ್ಟೆಲ್‌ನಲ್ಲಿದ್ದರೆ ಗೇಟು ಮುಚ್ಚುವ ಹೊತ್ತನ್ನೂ ಲೆಕ್ಕ ಹಾಕಿಕೊಳ್ಳಿ. ನಾಟಕ, ನೃತ್ಯದ ರಿಹರ್ಸಲ್ ರಾತ್ರಿಯವರೆಗೆ ಎಳೆಯುವುದುಂಟು. ವಾರ್ಡನ್‌ಗೆ ಕ್ಲಬ್ಬಿನ ಕಡೆಯಿಂದ ಪತ್ರ ಕೊಡುವ ಪದ್ಧತಿ ಇದೆಯೇ ಎಂದು ಹುಡುಗಿಯರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಓದಿಗೆ ಪೆಟ್ಟು ಬೀಳುವುದು ಕ್ಲಬ್ಬಿನಿಂದಲ್ಲ, ಹಾಜರಾತಿಯ ಕೊರತೆಯಿಂದ. ವಿಟಿಯುವಿನ 2022ರ ಸ್ಕೀಮ್‌ನ (ಪಠ್ಯಕ್ರಮ ಮತ್ತು ನಿಯಮಗಳ) ಲೆಕ್ಕ ಹೇಳುತ್ತೇನೆ. ನಿಮ್ಮದು ಬೇರೆ ಸ್ಕೀಮ್ ಅಥವಾ ಆಟೋನಮಸ್ ಕಾಲೇಜಾದರೆ ಅಲ್ಲಿನ ನಿಯಮಾವಳಿ ತೆರೆದು ನೋಡಿ. ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕು. ಮೂರು ಕ್ರೆಡಿಟ್‌ನ ವಿಷಯಕ್ಕೆ ಸುಮಾರು 40 ತರಗತಿ ಎಂದರೆ 34ಕ್ಕೆ ಕೂರಲೇಬೇಕು, ಕೈಯಲ್ಲಿ ಉಳಿಯುವುದು 6. ಒಂದು ಜ್ವರ, ಊರಿನ ಒಂದು ಹಬ್ಬ ಕಳೆದರೆ ಕ್ಲಬ್ಬಿಗೆ ಸಿಗುವುದು ಎರಡೋ ಮೂರೋ. ಸರಿಯಾದ ಕಾರಣವಿದ್ದರೆ ಶೇ. 10ರವರೆಗಿನ ಕೊರತೆಯನ್ನು ಮನ್ನಿಸುವ ಅವಕಾಶವಿದೆ, ಆದರೆ ಅದನ್ನು ನಂಬಿ ತರಗತಿ ಬಿಡಬೇಡಿ. ಇದರ ಜೊತೆಗೆ ಇಂಟರ್ನಲ್ಸ್‌ನಲ್ಲಿ (ಕಾಲೇಜೇ ನಡೆಸುವ ಆಂತರಿಕ ಮೌಲ್ಯಮಾಪನದಲ್ಲಿ) 50ಕ್ಕೆ 20 ಬರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ. ಆದ್ದರಿಂದ ಸೆಮಿಸ್ಟರ್ ಶುರುವಾದ ವಾರವೇ ಕಾಲೇಜಿನ ಕ್ಯಾಲೆಂಡರ್‌ನಿಂದ ಇಂಟರ್ನಲ್ಸ್ ದಿನಾಂಕ ಬರೆದಿಟ್ಟುಕೊಂಡು, ಆ ವಾರ ಮತ್ತು ಅದರ ಹಿಂದಿನ ವಾರ ಬರುವುದಿಲ್ಲ ಎಂದು ಕ್ಲಬ್ಬಿಗೆ ತಿಳಿಸಿ. ಮುಂಚೆಯೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕ್ಲಬ್ ಕೆಲಸಕ್ಕಾಗಿ ತರಗತಿ ತಪ್ಪಿಸಲೇಬೇಕಾದಾಗ ಓಡಿ (ಆನ್ ಡ್ಯೂಟಿ) ಪತ್ರ ಬೇಕು. ಬಹಳ ಜನ ಎಡವುವುದು ಇಲ್ಲಿಯೇ. ಕಾರ್ಯಕ್ರಮಕ್ಕೆ ಎರಡು ಮೂರು ದಿನ ಮೊದಲೇ ಪ್ರಾಂಶುಪಾಲರ ಹೆಸರಿಗೆ ಪತ್ರ ಬರೆದು, ಕ್ಲಬ್ಬಿನ ಅಧ್ಯಾಪಕ ಸಂಯೋಜಕರ ಸಹಿ, ಆಮೇಲೆ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ. ಅದರಲ್ಲಿ ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ), ಸೆಕ್ಷನ್, ದಿನಾಂಕದ ಜೊತೆಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದೂ ಇರಲಿ. ಇಡೀ ದಿನ ಎಂದು ಬರೆದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಾಣಿಸಿಕೊಂಡರೆ ಮುಂದಿನ ಬಾರಿ ಯಾರ ಪತ್ರಕ್ಕೂ ಸಹಿ ಬೀಳುವುದಿಲ್ಲ. ಯುಎಸ್‌ಎನ್‌ನಲ್ಲಿ ಒಂದು ಅಂಕಿ ತಪ್ಪಿದರೂ ಹಾಜರಾತಿ ಬೇರೆಯವರ ಖಾತೆಗೆ ಹೋಗುತ್ತದೆ. ಮುಗಿದ ಮೇಲೆ ಪತ್ರದ ನಕಲನ್ನು ಪ್ರತಿ ವಿಷಯದ ಅಧ್ಯಾಪಕರಿಗೂ ನೀವೇ ತಲುಪಿಸಿ. ಲ್ಯಾಬ್ ತಪ್ಪಿದ್ದರೆ ಓಡಿಯಿಂದ ಹಾಜರಾತಿ ಬರಬಹುದು, ಪ್ರಯೋಗದ ಅಂಕ ಬರುವುದಿಲ್ಲ. ಆ ವಾರದೊಳಗೇ ಬೇರೆ ಬ್ಯಾಚಿನ ಜೊತೆ ಪ್ರಯೋಗ ಮುಗಿಸಿ ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ಗೊಂದಲ ಆಕ್ಟಿವಿಟಿ ಪಾಯಿಂಟ್‌ಗಳದ್ದು. ನಾಲ್ಕು ವರ್ಷದ ಕೋರ್ಸಿಗೆ ಸೇರಿದವರು 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು 75 ಪಾಯಿಂಟ್ ಗಳಿಸಬೇಕು. ಸಿಜಿಪಿಎಗೆ (ಎಲ್ಲ ಸೆಮಿಸ್ಟರ್‌ಗಳ ಗ್ರೇಡ್ ಸರಾಸರಿಗೆ) ಇವು ಸೇರುವುದಿಲ್ಲ, ಆದರೆ ಇವಿಲ್ಲದೆ ಕೊನೆಯ ಸೆಮಿಸ್ಟರ್‌ನ ಗ್ರೇಡ್ ಕಾರ್ಡ್ ಕೈಗೆ ಬರುವುದಿಲ್ಲ. ‘ನಮ್ಮ ಕ್ಲಬ್ ಸೇರಿದರೆ ಪಾಯಿಂಟ್ ಬರುತ್ತದೆ’ ಎಂದು ಯಾರಾದರೂ ಹೇಳಿದರೆ, ಯಾವ ಚಟುವಟಿಕೆಗೆ ಎಂದು ಕೇಳಿ. ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಪಟ್ಟಿಯಲ್ಲಿರುವುದು ಊರಿನ ನೀರಿನ ನಿರ್ವಹಣೆ, ಕಸ ವಿಲೇವಾರಿ, ಹಳ್ಳಿಯವರಿಗೆ ಕೌಶಲ ತರಬೇತಿ, ಡಿಜಿಟಲ್ ಪಾವತಿ ಕಲಿಸುವುದು, ಸ್ಥಳೀಯ ಪ್ರವಾಸೋದ್ಯಮ, ಇಂಥ ಸಮಾಜಮುಖಿ ಕೆಲಸಗಳು. ಕೋಡಿಂಗ್ ಸ್ಪರ್ಧೆಯ ಬಹುಮಾನ ರೆಸ್ಯೂಮೆಗೆ ಒಳ್ಳೆಯದು, ಈ ಪಟ್ಟಿಗೆ ಸಲ್ಲದು. ಮಾಡಿದ ಕೆಲಸದ ದಿನಾಂಕ, ಗಂಟೆ, ಫೋಟೊ, ಸ್ಥಳೀಯರ ಅಥವಾ ಪಂಚಾಯಿತಿಯ ಸಹಿಯಿರುವ ಕಾಗದವನ್ನು ಅಂದೇ ಫೈಲಿಗೆ ಹಾಕಿ. ಎಂಟನೇ ಸೆಮಿಸ್ಟರ್‌ನಲ್ಲಿ ಕೂತು ಮೂರು ವರ್ಷದ ಹಿಂದಿನ ಕಾಗದ ಹುಡುಕುವ ಕಷ್ಟ ಬೇಡ.

ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರುವವರು ಅದರ ಅಳತೆ ತಿಳಿದಿರಬೇಕು: ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆಯ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಎನ್‌ಸಿಸಿ ಇನ್ನೂ ಬಿಗಿ. ಅಲ್ಲಿ ಸೀಟುಗಳಿಗೆ ಮಿತಿಯಿದೆ, ಓಟ, ದೇಹಾರ್ಹತೆ ನೋಡಿ ಆರಿಸುತ್ತಾರೆ. ಪರೇಡಿಗೆ ಶೇ. 75 ಹಾಜರಾತಿ ಮತ್ತು ಶಿಬಿರ ಇಲ್ಲದೆ ‘ಬಿ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲಾಗದು, ಅದಾದ ಮೇಲೆ ಮೂರನೇ ವರ್ಷ ‘ಸಿ’. ಹಾಗಾಗಿ ಮೊದಲ ವರ್ಷವೇ ಸೇರಬೇಕು. ಸೈನ್ಯಾಧಿಕಾರಿ ಆಗುವ ಆಸೆ ಇದ್ದರೆ ಬೇರೆ ಎಲ್ಲ ಕ್ಲಬ್ ಬಿಟ್ಟು ಇದನ್ನು ಹಿಡಿಯಿರಿ. ‘ಸಿ’ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, ಪದವಿಯಲ್ಲಿ ಶೇ. 50 ಇದ್ದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಮೂಲಕ ಸೈನ್ಯಾಧಿಕಾರಿ ಆಯ್ಕೆಯ ಸಿಡಿಎಸ್ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಅರ್ಜಿ ಹಾಕಬಹುದು.

ಸ್ಪರ್ಧೆಗಾಗಿ ಬಾಹಾ (ಒರಟು ನೆಲದಲ್ಲಿ ಓಡುವ ಬಗ್ಗಿ), ಫಾರ್ಮುಲಾ (ರೇಸ್ ಕಾರು) ಮಾದರಿಯ ವಾಹನ ಕಟ್ಟುವ ತಂಡಗಳಲ್ಲಿ ಮೊದಲ ಕೆಲವು ತಿಂಗಳು ಪೈಪ್ ಕತ್ತರಿಸುವುದು, ಗ್ರೈಂಡಿಂಗ್, ಬೋಲ್ಟು ವಿಂಗಡಿಸುವುದು ಇಂಥವೇ ಸಿಗುತ್ತವೆ. ಅದನ್ನು ಅವಮಾನ ಅಂದುಕೊಳ್ಳಬೇಡಿ, ಡಿಸೈನ್ ತಂಡಕ್ಕೆ ಹೋಗುವ ದಾರಿಯೇ ಅದು. ಆ ಹೊತ್ತಿಗೆ ಸಾಲಿಡ್‌ವರ್ಕ್ಸ್ ಅಥವಾ ಅಂಥದೇ ಒಂದು ಸಿಎಡಿ (ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸುವ) ತಂತ್ರಾಂಶ ಕಲಿಯಿರಿ. ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್, ಪವರ್‌ಟ್ರೇನ್, ಕಾಸ್ಟ್ ರಿಪೋರ್ಟ್ ಇವುಗಳಲ್ಲಿ ಒಂದನ್ನು ನಿಮ್ಮದಾಗಿಸಿಕೊಳ್ಳಿ. ಗ್ರೈಂಡರ್ ಮುಂದೆ ಕನ್ನಡಕವಿಲ್ಲದೆ ನಿಲ್ಲಬೇಡಿ. ಲೇತ್, ಡ್ರಿಲ್ಲಿಂಗ್ ಯಂತ್ರದಲ್ಲಿ ಕೆಲಸ ಮಾಡುವಾಗ ಕೈಗವಸು ಹಾಕಬೇಡಿ, ತಿರುಗುವ ಭಾಗ ಬಟ್ಟೆಯನ್ನು ಹಿಡಿದು ಕೈಯನ್ನೇ ಎಳೆದುಕೊಳ್ಳುತ್ತದೆ. ಈ ತಂಡಗಳಲ್ಲಿ ಸದಸ್ಯರೇ ದುಡ್ಡು ಹಾಕುವುದೂ ಉಂಟು. ತಲೆಗೆ ಎಷ್ಟು ಬಿತ್ತು ಎಂದು ಕೇಳಿ, ಮನೆಯವರ ಜೊತೆ ಮಾತಾಡಿಯೇ ಒಪ್ಪಿಕೊಳ್ಳಿ.

ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇಯ ವಿದ್ಯಾರ್ಥಿ ಶಾಖೆಯಾದರೆ ಸದಸ್ಯತ್ವ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ದುಡ್ಡು ಕಟ್ಟುವ ಮೊದಲು ಅದು ಯಾವ ವರ್ಷದ ಕೊನೆಯವರೆಗೆ ನಡೆಯುತ್ತದೆ ಎಂದು ಕೇಳಿ ತಿಳಿದುಕೊಳ್ಳಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ನಾನು ಒತ್ತಿ ಹೇಳುವುದು ಕನ್ನಡ ಸಂಘದ ಬಗ್ಗೆ. ಟೆಕ್ನಿಕಲ್ ಕ್ಲಬ್ಬಿನಲ್ಲಿ ಸೀಟು ಸಿಗದವರು ಹೋಗುವ ಜಾಗ ಎಂದು ಅದನ್ನು ನೋಡುವುದು ತಪ್ಪು. ಸಾಹಿತಿ ಎ.ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಟ್ಟಿದ ಕರ್ನಾಟಕ ಸಂಘದಿಂದಲೇ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಕಾಲೇಜಿನ ಸಂಘದ ಕೈಯಲ್ಲಿ ಅಷ್ಟು ಆಗುತ್ತದೆ. ಇವತ್ತಿನ ಮಟ್ಟಿಗೆ ನೋಡಿದರೂ ರಾಜ್ಯೋತ್ಸವದ ಒಂದು ಕಾರ್ಯಕ್ರಮದಲ್ಲಿ ಸಭಾಂಗಣದ ಅನುಮತಿ, ಧ್ವನಿವರ್ಧಕ, ಅತಿಥಿಗಳ ಆಹ್ವಾನ, ಖರ್ಚಿನ ಪಟ್ಟಿ, ನಿರೂಪಣೆ ಎಲ್ಲವೂ ವಿದ್ಯಾರ್ಥಿಗಳದ್ದೇ. ನೀವು ನಿರೂಪಣೆ ಕೇಳಿ ತೆಗೆದುಕೊಳ್ಳಿ. ಅತಿಥಿಗಳ ಹೆಸರು, ಹುದ್ದೆಯನ್ನು ಅವರನ್ನೇ ಕೇಳಿ ಖಚಿತಪಡಿಸಿಕೊಂಡು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಅತಿಥಿ ತಡವಾದರೆ ತುಂಬಿಸಲು ಐದು ನಿಮಿಷದ ಮಾತೊಂದು ಸಿದ್ಧವಿರಲಿ. ಸಭೆಯ ಮುಂದೆ ನಿಂತು ತಡವರಿಸದೆ ಮಾತಾಡುವುದನ್ನು ನಿಮ್ಮ ಭಾಷೆಯಲ್ಲಿ ಕಲಿತರೆ, ಮುಂದೆ ಇಂಗ್ಲಿಷ್‌ನಲ್ಲಿ ಪದಗಳನ್ನಷ್ಟೇ ಹುಡುಕಬೇಕು, ಧೈರ್ಯವನ್ನಲ್ಲ.

ಕ್ಲಬ್ ಸಂದರ್ಶನಕ್ಕೆ ಹೆದರಬೇಡಿ. ನೀವು ಕೈಯಾರೆ ಮಾಡಿದ ಏನಾದರೊಂದನ್ನು ತೋರಿಸಿ: ಬರೆದ ಚಿಕ್ಕ ಪ್ರೋಗ್ರಾಂ, ತೆಗೆದ ಫೋಟೊ, ಮನೆಯ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಆದರೂ ಸರಿ. ಇಂಗ್ಲಿಷ್ ತಡೆದರೆ ‘ಕನ್ನಡದಲ್ಲಿ ಹೇಳಲೇ’ ಎಂದು ಕೇಳಿ. ವಾರಕ್ಕೆ ಎಷ್ಟು ಗಂಟೆ ಕೊಡುತ್ತೀರಿ ಎಂದರೆ ನಾಲ್ಕೋ ಐದೋ ಅನ್ನಿ, ಹೇಳಿದಷ್ಟು ಕೊಡಿ.

ಹಣದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಸದಸ್ಯತ್ವ ಶುಲ್ಕಕ್ಕೆ ರಸೀದಿ ಕೇಳಿ. ಸೀನಿಯರ್ ಒಬ್ಬರ ಸ್ವಂತ ಫೋನ್‌ಪೇಗೆ ಹಾಕಿ ಎಂದರೆ ಸಂಯೋಜಕರನ್ನು ವಿಚಾರಿಸಿಯೇ ಹಾಕಿ. ನೀವೇ ಸಾಮಾನು ತಂದರೆ ಬಿಲ್ಲು ಕಾಲೇಜಿನ ಹೆಸರಿನಲ್ಲಿರಲಿ, ಬಿಲ್ ಸಂಖ್ಯೆ, ದಿನಾಂಕ ಇರಲಿ. ಅಂಗಡಿಯವರು ಚೀಟಿಯಲ್ಲಿ ಬರೆದುಕೊಟ್ಟ ಎಸ್ಟಿಮೇಟ್ ಅಕೌಂಟ್ಸ್ ವಿಭಾಗದಲ್ಲಿ ಪಾಸಾಗುವುದು ಕಷ್ಟ.

ಸೆಮಿಸ್ಟರ್ ಮುಗಿದಾಗ ಇದು ನಿಮಗೆ ಹೊಂದುವುದಿಲ್ಲ ಅನ್ನಿಸಿದರೆ ಸುಮ್ಮನೆ ಗ್ರೂಪಿನಿಂದ ಹೊರಬೀಳಬೇಡಿ. ಸಂಯೋಜಕರಿಗೂ ತಂಡದ ಮುಖ್ಯಸ್ಥರಿಗೂ ಎರಡು ಸಾಲು ಬರೆದು, ನಿಮ್ಮ ಬಳಿಯಿರುವ ಡ್ರೈವ್ ಫೋಲ್ಡರ್, ಪಾಸ್‌ವರ್ಡ್, ಉಳಿದ ದುಡ್ಡು, ಬಿಲ್ಲುಗಳನ್ನು ಒಪ್ಪಿಸಿ. ಹಾಗೆ ಹೊರಬಂದವರಿಗೆ ಎರಡನೇ ವರ್ಷ ಬೇರೆ ಕ್ಲಬ್ ಸೇರಲು ಯಾವ ತೊಂದರೆಯೂ ಇರುವುದಿಲ್ಲ.