ಸಾಹೇಬ್ರನ್ನ ಯಾಕೆ ತೆಗೆದ್ರು?

ಸಿನಿಮಾ, ಸೊಪ್ಪಿನ ಸಾರು, ಮದುವೆ ಜಾತಕದ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ. ಚಿನ್ನಸ್ವಾಮಿ ಕಾಲ್ತುಳಿತ, ಪೊಲೀಸ್ ಕಮಿಷನರ್ ಅಮಾನತು, ಆಮೇಲೆ ಆ ಅಮಾನತು ವಾಪಸ್, ಇದರ ಬಗ್ಗೆ ಬಂದ ಪತ್ರಗಳೇ ಒಂದು ಕಟ್ಟು ಆಗಿವೆ. ಕೆಲವರು ಸರ್ಕಾರವನ್ನು ಬೈದಿದ್ದಾರೆ, ಕೆಲವರು ಪೊಲೀಸರನ್ನು, ಇಬ್ಬರು ನನ್ನನ್ನೇ. ಒಬ್ಬರು ಪದ್ಯ ಕಳಿಸಿದ್ದಾರೆ. ಪದ್ಯ ಬಿಟ್ಟು ಉಳಿದವನ್ನು ನೋಡೋಣ.

ಕಪ್ ಗೆದ್ದಿದ್ದು ಆರ್‌ಸಿಬಿ, ಜನರನ್ನು ಕರೆದಿದ್ದೂ ಅವರೇ, ವಿಧಾನಸೌಧದ ಮುಂದೆ ಸನ್ಮಾನ ಮಾಡಿದ್ದು ಸರ್ಕಾರ. ಮನೆಗೆ ಹೋಗಿದ್ದು ಮಾತ್ರ ಕಮಿಷನರ್ ದಯಾನಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ ಅಲ್ವಾ?
(ವಿಜಯನಗರ, ಬೆಂಗಳೂರು)

ಗಾದೆ ಸರಿಯಾಗೇ ಹಿಡಿದಿದ್ದೀರಿ. ಆದರೆ ಆ ಎರಡು ದಿನ ಏನೇನಾಯಿತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. 2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಫೈನಲ್ ಮುಗಿಯಿತು. 18 ವರ್ಷ ಕಾದಿದ್ದ ಊರು, ರಾತ್ರಿಯೆಲ್ಲ ರಸ್ತೆಯಲ್ಲೇ ಇತ್ತು. ಅಷ್ಟೂ ಹೊತ್ತು ನಿದ್ದೆಗೆಟ್ಟು ನಿಂತಿದ್ದ ಪೊಲೀಸರೇ ಮಾರನೇ ದಿನ, ಜೂನ್ 4ಕ್ಕೆ, ವಿಧಾನಸೌಧದ ಮುಂದೆಯೂ ನಿಲ್ಲಬೇಕು, ಅಲ್ಲೇ ಹತ್ತಿರದ ಕ್ರೀಡಾಂಗಣದ ಗೇಟುಗಳಲ್ಲೂ ನಿಲ್ಲಬೇಕು. ಒಳಗೆ ಹಿಡಿಸೋದು ಸುಮಾರು 35 ಸಾವಿರ ಜನ, ಬಂದಿದ್ದು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಹೇಳಿದರು. ಗೇಟುಗಳ ಹತ್ತಿರ 11 ಜನ ಸತ್ತರು. ಬಹುಪಾಲು ಹುಡುಗ ಹುಡುಗಿಯರು. ಕಪ್ ನೋಡಿಕೊಂಡು ಬರ್ತೀವಿ ಅಂತ ಮನೆಯಿಂದ ಹೊರಟವರು.

ಜೂನ್ 5ರ ರಾತ್ರಿ ಕಮಿಷನರ್, ಹೆಚ್ಚುವರಿ ಕಮಿಷನರ್, ಡಿಸಿಪಿ, ಎಸಿಪಿ, ಇನ್‌ಸ್ಪೆಕ್ಟರ್, ಹೀಗೆ ಮೇಲಿಂದ ಕೆಳಗಿನವರೆಗೆ ಐದು ಜನ ಒಂದೇ ಏಟಿಗೆ ಅಮಾನತು. ಅದೇ ದಿನ ನಿವೃತ್ತ ನ್ಯಾಯಮೂರ್ತಿ ಮೈಕಲ್ ಡಿಕುನ್ಹ ಅವರ ವಿಚಾರಣಾ ಆಯೋಗವನ್ನೂ ಪ್ರಕಟಿಸಿದರು. ಜನರಿಗೆ ಉರಿದಿದ್ದು ಇಲ್ಲೇ. ಯಾರದ್ದು ತಪ್ಪು ಅಂತ ಹುಡುಕೋಕೆ ಒಬ್ಬರನ್ನು ನೇಮಿಸಿದ ಬಾಯಲ್ಲೇ ತಪ್ಪು ಇವರದ್ದು ಅಂತ ಹೇಳಿದ ಹಾಗಾಯಿತು. ಎಮ್ಮೆಗೂ ಸ್ವಲ್ಪ ಜ್ವರ ಇತ್ತೋ ಏನೋ, ನಾನು ಇಲ್ಲ ಅನ್ನೋದಿಲ್ಲ. ಥರ್ಮಾಮೀಟರ್ ಇಡೋಕೆ ಮುಂಚೆಯೇ ಬರೆ ಎಳೆದರು ಅನ್ನೋದಷ್ಟೇ ನನ್ನ ತಕರಾರು.

ಮುಂದಿನದ್ದು ನಿಮಗೆ ಗೊತ್ತಿದೆ. ಹೆಚ್ಚುವರಿ ಕಮಿಷನರ್ ಆಗಿದ್ದ ವಿಕಾಸ್ ಕುಮಾರ್ ವಿಕಾಸ್ ಸಿಎಟಿಗೆ, ಅಂದರೆ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು. ಜುಲೈ 1ಕ್ಕೆ ಅವರ ಅಮಾನತು ರದ್ದಾಯಿತು. ಪೊಲೀಸರೂ ಮನುಷ್ಯರೇ, ದೇವರಲ್ಲ, ಮಂತ್ರವಾದಿಗಳಲ್ಲ, ಅಲ್ಲಾವುದ್ದೀನನ ದೀಪ ಅವರ ಹತ್ತಿರ ಇಲ್ಲ ಅನ್ನೋ ಅರ್ಥದ ಮಾತು ಆ ಆದೇಶದಲ್ಲೇ ಇದೆ. ಸರ್ಕಾರ ಹೈಕೋರ್ಟ್‌ಗೆ ಹೋಯಿತು. ಆಮೇಲೆ ಜುಲೈ 28ಕ್ಕೆ ತಾನೇ ಅಮಾನತು ವಾಪಸ್ ತಗೊಂಡಿತು. ಎರಡು ತಿಂಗಳೂ ತುಂಬಿರಲಿಲ್ಲ. ಜೂನ್ 5ರ ರಾತ್ರಿ ಇದ್ದ ಅವಸರ ಅದರ ಮುಂದೆ ಇಟ್ಟು ನೋಡಿ.

ವಾಟ್ಸಾಪ್‌ನಲ್ಲಿ "ಕಮಿಷನರ್ ವಜಾ" ಅಂತ ಬಂದಿತ್ತು. ನಮ್ಮ ಮನೆಯವರು ಅದು ವಜಾ ಅಲ್ಲ, ವರ್ಗಾವಣೆ ಅಂತಾರೆ. ಮನೆಯಲ್ಲಿ ಇನ್ನೂ ಜಗಳ ಮುಗಿದಿಲ್ಲ.
(ತುಮಕೂರಿನ ಓದುಗಿ)

ಇಬ್ಬರೂ ಸೋತಿರಿ. ಅದು ಅಮಾನತು. ಅಂದರೆ ಕೆಲಸ ಇದೆ, ಮಾಡೋ ಹಾಗಿಲ್ಲ. ಸಂಬಳದ ಬದಲು ಜೀವನಾಂಶ ಭತ್ಯೆ ಅಂತ ಸುಮಾರು ಅರ್ಧ ಬರುತ್ತೆ, ಹೇಳದೆ ಕೇಳದೆ ಊರು ಬಿಟ್ಟು ಹೋಗೋ ಹಾಗಿಲ್ಲ. ಕಾನೂನಿನ ಪುಸ್ತಕದಲ್ಲಿ ಅದು ಶಿಕ್ಷೆಯೇ ಅಲ್ಲ. ಪಕ್ಕದ ಮನೆಯವರ ಕಣ್ಣಲ್ಲಿ ಏನು ಅನ್ನೋದು ಬೇರೆ ಮಾತು.

ವಜಾ ಅಂದರೆ ಕೆಲಸವೇ ಹೋಯಿತು ಅಂತ. ಸಂವಿಧಾನದ 311ನೇ ವಿಧಿ ಇರೋದರಿಂದ ಆರೋಪ ತಿಳಿಸಿ, ವಿಚಾರಣೆ ನಡೆಸಿ, ಅವರ ಮಾತೂ ಕೇಳದೆ ಸಾಮಾನ್ಯವಾಗಿ ಅದು ಸಾಧ್ಯವಿಲ್ಲ. ಐಪಿಎಸ್ ಅಧಿಕಾರಿಯನ್ನು ವಜಾ ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇಲ್ಲವೇ ಇಲ್ಲ, ದಿಲ್ಲಿಯಿಂದಲೇ ಆಗಬೇಕು.

ವರ್ಗಾವಣೆ ಗೊತ್ತೇ ಇದೆ. ಅದರ ಒರಟು ತಮ್ಮನೇ ಎತ್ತಂಗಡಿ. ಯಾವ ಸರ್ಕಾರಿ ಆದೇಶದಲ್ಲೂ ಈ ಪದ ಇರಲ್ಲ, ಆದರೆ ಮಾರನೇ ದಿನದ ಪೇಪರಿನಲ್ಲಿ ಇದ್ದೇ ಇರುತ್ತೆ. 2017ರ ಜುಲೈ ನೆನಪಿದೆಯಾ? ಪರಪ್ಪನ ಅಗ್ರಹಾರ ಜೈಲಿನಲ್ಲಿ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಅಂತ ಡಿಐಜಿ ರೂಪಾ ವರದಿ ಕೊಟ್ಟರು, ಅದರಲ್ಲಿ ಮೇಲಧಿಕಾರಿಯ ಮೇಲೂ ಆರೋಪ ಇತ್ತು. ಮೇಲಧಿಕಾರಿ ಅದನ್ನು ಅಲ್ಲಗಳೆದರು. ಕೆಲವೇ ದಿನದಲ್ಲಿ ಇಬ್ಬರನ್ನೂ ಅಲ್ಲಿಂದ ಎತ್ತಿದರು, ರೂಪಾ ಅವರು ಸಂಚಾರ ವಿಭಾಗಕ್ಕೆ ಹೋದರು. ದೂರು ಹೇಳಿದವರಿಗೂ ದೂರಿಗೆ ಒಳಗಾದವರಿಗೂ ಒಂದೇ ದಿನ ಒಂದೇ ಔಷಧ. ಜನರಿಗೆ ಸಿಟ್ಟು ಬರದೆ ಇರುತ್ತಾ?

ನಮ್ಮ ಜಿಲ್ಲೆಯ ಒಳ್ಳೇ ಎಸ್‌ಪಿಯನ್ನು ಏಳೇ ತಿಂಗಳಿಗೆ ತೆಗೆದರು. ಅಂಗಡಿ ಮುಚ್ಚಿ ಬಂದ್ ಮಾಡಿದೆವು, ಡಿಸಿಗೆ ಮನವಿ ಕೊಟ್ಟೆವು. ಏನೂ ಆಗಲಿಲ್ಲ. ಬಂದ್‌ನಿಂದ ಯಾರಾದರೂ ವಾಪಸ್ ಬಂದಿದ್ದು ಇದೆಯಾ?
(ಹೆಸರು, ಊರು ಹಾಕಬೇಡಿ ಅಂದಿದ್ದಾರೆ)

ಇದೆ. 2016ರ ಜನವರಿಯಲ್ಲಿ ಕೂಡ್ಲಿಗಿ ಡಿವೈಎಸ್‌ಪಿ ಅನುಪಮಾ ಶೆಣೈ ಅವರನ್ನು ವಿಜಯಪುರ ಜಿಲ್ಲೆಯ ಇಂಡಿಗೆ ಹಾಕಿದರು. ಸಚಿವರೊಬ್ಬರ ಫೋನನ್ನು ಹೋಲ್ಡ್‌ನಲ್ಲಿ ಇಟ್ಟಿದ್ದೇ ಕಾರಣ ಅಂತ ಸುದ್ದಿ ಹಬ್ಬಿತು. ಜನ ಬೀದಿಗೆ ಇಳಿದರು, ಟೀವಿಯವರು ಬಿಡಲಿಲ್ಲ, ಸರ್ಕಾರ ಅವರನ್ನು ಕೂಡ್ಲಿಗಿಗೇ ವಾಪಸ್ ಕಳಿಸಿತು. ಆದರೆ ಅದೇ ವರ್ಷ ಜೂನ್‌ನಲ್ಲಿ ಅವರೇ ರಾಜೀನಾಮೆ ಕೊಟ್ಟು ಹೊರಟರು. ಕುರ್ಚಿ ವಾಪಸ್ ಕೊಡಿಸೋಕೆ ಬಂದ್ ಸಾಕು. ಆ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರೋಕೆ ಸಾಕಾಗಲ್ಲ.

ನಾನು ವರದಿಗಾರನಾಗಿದ್ದಾಗ ಇಂಥದ್ದೇ ಒಂದು ಬಂದ್ ನೋಡಿದ್ದೆ. ಸಾಹೇಬರು ಹೆಲ್ಮೆಟ್ ವಿಷಯದಲ್ಲಿ ಭಾರೀ ಖಡಕ್. ಅವರನ್ನು ತೆಗೆದ ದಿನ ನೂರಾರು ಹುಡುಗರು ಬೈಕ್ ರ್‍ಯಾಲಿ ಮಾಡಿದರು, "ಬೇಕೇ ಬೇಕು, ಎಸ್‌ಪಿ ಬೇಕು" ಅಂತ ಗಂಟಲು ಹರಿಯೋ ಹಾಗೆ ಕೂಗಿದರು, ಒಬ್ಬರ ತಲೆ ಮೇಲೂ ಹೆಲ್ಮೆಟ್ ಇರಲಿಲ್ಲ! ಆವತ್ತೇ ಸಂಜೆ ಎಸ್‌ಪಿ ಕಚೇರಿಗೆ ಹೋದೆ. ಕುರ್ಚಿ ಹಿಂದಿನ ಗೋಡೆಗೆ ಒಂದು ಮರದ ಬೋರ್ಡ್. ಹೆಸರು, ಇಂದ, ವರೆಗೆ. ಮೇಲಿನ ಸಾಲುಗಳಲ್ಲಿ ಮೂರು ವರ್ಷ, ನಾಲ್ಕು ವರ್ಷ ಇದ್ದವರಿದ್ದರು. ಕೆಳಗೆ ಬಂದ ಹಾಗೆ ಹನ್ನೊಂದು ತಿಂಗಳು, ಎಂಟು ತಿಂಗಳು, ಒಂದು ಕಡೆ ಬರೀ 19 ದಿನ. ಜಾಗ ಸಾಲಲ್ಲ ಅಂತ ಪೇಂಟರ್ ಅಕ್ಷರವನ್ನೇ ಸಣ್ಣ ಮಾಡಿಕೊಂಡು ಬಂದಿದ್ದ. ಕೊನೆಯ ಸಾಲು ಓದೋಕೆ ನಾನು ಕನ್ನಡಕ ಹಾಕಿಕೊಳ್ಳಬೇಕಾಯಿತು.

ನಿಮ್ಮ ಮನವಿಯಲ್ಲಿ ಏನು ಬರೆದಿದ್ದಿರಿ? "ದಕ್ಷ, ಪ್ರಾಮಾಣಿಕ ಅಧಿಕಾರಿಯನ್ನು ಉಳಿಸಿಕೊಡಿ" ಅಂತ ತಾನೆ? ಮುಂದಿನ ಸಲ ಬೇರೆ ಥರ ಬರೆಯಿರಿ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದೇ ಹೇಳಿದೆ, ಡಿಜಿಪಿಗೂ ಜಿಲ್ಲಾ ಎಸ್‌ಪಿಗೂ ಠಾಣೆಯ ಮುಖ್ಯಸ್ಥರಿಗೂ ಕನಿಷ್ಠ ಎರಡು ವರ್ಷ ಕೊಡಿ, ನಡುವೆ ತೆಗೆಯೋದಾದರೆ ಅದಕ್ಕೆ ತಕ್ಕ ಕಾರಣ ಇರಲಿ ಅಂತ. ಏಳು ತಿಂಗಳಿಗೆ ಯಾಕೆ ತೆಗೆದಿರಿ, ಕಾರಣ ಬರಹದಲ್ಲಿ ಎಲ್ಲಿದೆ, ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಬಂದ್‌ಗೆ ಆದ ನಷ್ಟಕ್ಕೆ ಹೋಲಿಸಿದರೆ ಖರ್ಚು ಏನೂ ಅಲ್ಲ. ಅಧಿಕಾರಿ ಒಳ್ಳೆಯವರೋ ಕೆಟ್ಟವರೋ ಅಂತ ವಾದ ಮಾಡೋಕೆ ಹೋದರೆ ಸರ್ಕಾರದ ಕಡೆಯವರೂ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಕಾರಣ ತೋರಿಸಿ ಅಂದರೆ ಅವರಿಗೆ ಕಷ್ಟ. ಆ ಕಡತದಲ್ಲಿ ಶಾಸಕರ "ಮಿನಿಟ್" (ಶಿಫಾರಸು ಪತ್ರ) ಬಿಟ್ಟು ಬೇರೇನೂ ಇಲ್ಲದಿದ್ದರೆ ಇನ್ನೂ ಕಷ್ಟ.

ದಯಾನಂದ ಅವರಿಗೆ ಇಷ್ಟೊಂದು ಜನ ನಿಂತರಲ್ಲ, ಬೇರೆ ಕಮಿಷನರ್‌ಗಳಿಗೆ ಯಾಕೆ ಯಾರೂ ನಿಲ್ಲಲಿಲ್ಲ?
(ಮೈಸೂರು)

2019ರಲ್ಲಿ ಅಲೋಕ್ ಕುಮಾರ್ ಬೆಂಗಳೂರು ಕಮಿಷನರ್ ಆಗಿ ಎರಡು ತಿಂಗಳೂ ತುಂಬಿರಲಿಲ್ಲ, ಸರ್ಕಾರ ಬದಲಾಯಿತು, ಕಮಿಷನರೂ ಬದಲಾದರು. ಆಗ ಯಾರೂ ಮೇಣದ ಬತ್ತಿ ಹಚ್ಚಲಿಲ್ಲ. ಸರ್ಕಾರ ಬದಲಾದರೆ ಕಮಿಷನರ್ ಬದಲಾಗೋದು ಕ್ಯಾಲೆಂಡರ್ ಬದಲಾದ ಹಾಗೆ ಅಂತ ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ.

ಪೊಲೀಸರೇ ಒಟ್ಟಾಗಿ ಧರಣಿ ಮಾಡಬಹುದಿತ್ತಲ್ಲ?
(ಹುಬ್ಬಳ್ಳಿ)

ಮಾಡೋ ಹಾಗಿಲ್ಲ. ಪೊಲೀಸರ ಸಂಘ, ಸಭೆ, ಪತ್ರಿಕೆಗೆ ಮಾತು, ಎಲ್ಲದಕ್ಕೂ 1966ರ ಕಾಯ್ದೆಯೊಂದು ಕಡಿವಾಣ ಹಾಕಿದೆ. ಅಮಾನತಿನ ವಿರುದ್ಧ ಸಮವಸ್ತ್ರದಲ್ಲೇ, ಕೈಯಲ್ಲಿ ಅಂಬೇಡ್ಕರ್ ಫೋಟೊ ಹಿಡಿದು ರಾಜಭವನದ ಕಡೆ ನಡೆದ ಹೆಡ್ ಕಾನ್‌ಸ್ಟೆಬಲ್ ಒಬ್ಬರನ್ನು ಅವರದೇ ಇಲಾಖೆಯವರು ವಶಕ್ಕೆ ತಗೊಂಡರು. 2016ರಲ್ಲಿ ಸಂಬಳ, ರಜೆ ವಿಷಯಕ್ಕೆ ಪೊಲೀಸರು ಸಾಮೂಹಿಕ ರಜೆ ಹಾಕೋಕೆ ಹೊರಟಾಗಲೂ ಸರ್ಕಾರ ಅದನ್ನು ಗಟ್ಟಿಯಾಗಿ ಅದುಮಿತು. ಆ ರಜೆಗೆ ಗೊತ್ತು ಮಾಡಿದ್ದ ದಿನವೂ ಜೂನ್ 4. ಈ ತಾರೀಖು ನಮ್ಮ ಪೊಲೀಸರಿಗೆ ಆಗಿಬರಲ್ಲ ಅನ್ಸುತ್ತೆ.

ಜನರ ಅಭಿಪ್ರಾಯ ನೋಡಿ ಅಧಿಕಾರಿಗಳನ್ನು ಇಡೋದು ತೆಗೆಯೋದು ಮಾಡಿದರೆ ಅದೇ ಪ್ರಜಾಪ್ರಭುತ್ವ ಅಲ್ವಾ?
(ಮಂಗಳೂರು)

ನಿಮ್ಮ ಪಕ್ಕದ ರಾಜ್ಯದಲ್ಲೇ ಇದಕ್ಕೆ ಉತ್ತರ ಇದೆ. ಕೇರಳದ ಪೊಲೀಸ್ ಕಾಯ್ದೆಯಲ್ಲಿ ಒಂದು ಸಾಲು ಇದೆ, ಪೊಲೀಸರ ಬಗ್ಗೆ ಜನರಲ್ಲಿ ತೀವ್ರ ಅಸಮಾಧಾನ ಹುಟ್ಟಿಸಿದ ಅಧಿಕಾರಿಯನ್ನು ಅವಧಿಗೆ ಮುಂಚೆ ತೆಗೆಯಬಹುದು ಅಂತ. 2016ರ ಏಪ್ರಿಲ್‌ನಲ್ಲಿ ಪುಟ್ಟಿಂಗಲ್ ದೇವಸ್ಥಾನದ ಪಟಾಕಿ ದುರಂತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಹೊತ್ತಿಗೆ ಕಾನೂನು ವಿದ್ಯಾರ್ಥಿನಿಯೊಬ್ಬರ ಕೊಲೆಯೂ ಆಯಿತು. ಮೇ ಕೊನೆಗೆ ಹೊಸ ಸರ್ಕಾರ ಬಂತು, ಜನರಿಗೆ ಅಸಮಾಧಾನ ಇದೆ ಅಂತ ಹೇಳಿ ಡಿಜಿಪಿ ಟಿ.ಪಿ. ಸೆನ್‌ಕುಮಾರ್ ಅವರನ್ನು ತೆಗೆಯಿತು.

ಸೆನ್‌ಕುಮಾರ್ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2017ರ ಏಪ್ರಿಲ್ 24ಕ್ಕೆ ತೀರ್ಪು ಬಂತು, ಅವರನ್ನು ಅದೇ ಹುದ್ದೆಗೆ ವಾಪಸ್ ಕೂರಿಸಿ ಅಂತ. ಜನರಿಗೆ ಅಸಮಾಧಾನ ಇದೆ ಅಂತ ಸರ್ಕಾರಕ್ಕೆ ಅನಿಸಿದರೆ ಸಾಲದು, ಆ ಅಧಿಕಾರಿಯ ಕಡೆಯಿಂದಲೇ ಅದು ಆಗಿದೆ ಅಂತ ತೋರಿಸೋ ಗಟ್ಟಿ ಆಧಾರ ಬೇಕು ಅನ್ನೋದು ತೀರ್ಪಿನ ತಿರುಳು. ಆಮೇಲೂ ಸರ್ಕಾರ ಸ್ಪಷ್ಟನೆ ಬೇಕು ಅಂತ ಎಳೆದಾಡಿ 25 ಸಾವಿರ ರೂಪಾಯಿ ದಂಡ ಹಾಕಿಸಿಕೊಂಡಿತು. ಮೇ ತಿಂಗಳಲ್ಲಿ ಅವರು ವಾಪಸ್ ಬಂದಾಗ ನಿವೃತ್ತಿಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಜನರ ಸಿಟ್ಟನ್ನು ಅವತ್ತು ಕೇರಳ ಸರ್ಕಾರವೇ ತನ್ನ ತಾಳಕ್ಕೆ ತಕ್ಕ ಹಾಗೆ ಬಳಸಿಕೊಂಡಿತ್ತು ನೋಡಿ. ಕಾಲ್ತುಳಿತ ಆದ ಮಾರನೇ ದಿನ ನಾವೂ ಅದನ್ನೇ ಮಾಡಿದೆವು. ಜೂನ್ 5ರ ಬೆಳಗ್ಗೆ "ಪೊಲೀಸರು ಏನು ಮಾಡ್ತಿದ್ದರು?" ಅಂತ ಬರೆದವರೇ ಜೂನ್ 6ರ ಬೆಳಗ್ಗೆ "ಕಮಿಷನರ್ ಜೊತೆ ನಾವಿದ್ದೇವೆ" ಅಂತ ಬರೆದರು. ನನಗೆ ಬಂದ ಪತ್ರಗಳಲ್ಲೇ ಒಬ್ಬರದ್ದು ಎರಡೂ ಇವೆ, ಒಂದೇ ಕೈಬರಹ.

ನಮ್ಮ ಅಪ್ಪ ಎಎಸ್‌ಐ. ಒಂದು ಗಲಾಟೆಯಲ್ಲಿ ಕರ್ತವ್ಯಲೋಪ ಅಂತ ಐದು ತಿಂಗಳ ಹಿಂದೆ ಅಮಾನತು ಮಾಡಿದರು. ಇನ್ನೂ ಆರೋಪಪಟ್ಟಿಯೂ ಕೊಟ್ಟಿಲ್ಲ. ಕಮಿಷನರ್‌ಗಾಗಿ ಊರೆಲ್ಲ ಮಾತಾಡಿತು. ನಮ್ಮ ಮನೆಗೆ ಒಬ್ಬರೂ ಬರಲಿಲ್ಲ ಸರ್.
(ಉತ್ತರ ಕರ್ನಾಟಕದ ಓದುಗಿ)

ಈ ಪತ್ರಕ್ಕೆ ಎರಡು ದಿನ ಉತ್ತರ ಬರೆಯೋಕೆ ಆಗಲಿಲ್ಲಮ್ಮಾ. ನಿನ್ನ ಮಾತು ನಿಜ. ಚಿನ್ನಸ್ವಾಮಿ ವಿಷಯದಲ್ಲೂ ಅಷ್ಟೇ, ಅಮಾನತಾದ ಇನ್‌ಸ್ಪೆಕ್ಟರ್ ಹೆಸರು ಎಷ್ಟು ಜನರ ಬಾಯಲ್ಲಿ ಬಂತು?

ಸಮಾಧಾನದ ಮಾತು ಬಿಟ್ಟು ಕೆಲಸಕ್ಕೆ ಬರೋದು ಹೇಳ್ತೀನಿ. ಸುಪ್ರೀಂ ಕೋರ್ಟ್ 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಹೇಳಿದ್ದು ಇದು. ಮೂರು ತಿಂಗಳೊಳಗೆ ಆರೋಪಪಟ್ಟಿ ಕೊಡದಿದ್ದರೆ ಅಮಾನತನ್ನು ಸುಮ್ನೆ ಎಳೆಯಬಾರದು, ಕೊಟ್ಟಿದ್ದರೂ ಮುಂದುವರಿಸೋಕೆ ಕಾರಣ ಬರೆದು ಆದೇಶ ಮಾಡಬೇಕು. ಐದು ತಿಂಗಳು ಆಗಿದೆ ಅಂದರೆ ಅಪ್ಪ ಆ ತೀರ್ಪಿನ ಹೆಸರು ಹಾಕಿ, ಅಮಾನತು ತೆರವು ಮಾಡಿ ಅಂತ ಮೇಲಧಿಕಾರಿಗೆ ಮೊದಲು ಒಂದು ಮನವಿ ಕೊಡಲಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬರಲಿ. ಉತ್ತರ ಬರದಿದ್ದರೆ ಕೆಎಟಿ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ ಇದೆ. ಅದಕ್ಕೆ ಬೆಂಗಳೂರಿಗೇ ಬರಬೇಕಿಲ್ಲ, ಬೆಳಗಾವಿಯಲ್ಲೂ ಕಲಬುರಗಿಯಲ್ಲೂ ಪೀಠ ಇವೆ. ಜೀವನಾಂಶ ಭತ್ಯೆ ತಿಂಗಳು ತಿಂಗಳು ಸರಿಯಾಗಿ ಬರ್ತಿದೆಯಾ ಅಂತಲೂ ನೋಡು. ಎಷ್ಟೋ ಜನ ನಾಚಿಕೆಗೆ ಅದನ್ನು ಕೇಳೋದೇ ಇಲ್ಲ.

ಅಮಾನತಿನ ಆದೇಶದ ಪ್ರತಿ ಮನೆಯಲ್ಲಿ ಇದೆಯಾ? ಇದ್ದರೆ ಅದರಲ್ಲಿ ಕಾರಣ ಅಂತ ಏನು ಬರೆದಿದ್ದಾರೆ ಅನ್ನೋದನ್ನು ಹಾಗೇ ನೋಡಿಕೊಂಡು ನನಗೆ ಇನ್ನೊಂದು ಕಾಗದ ಹಾಕು.